ನೆವಿನ್ ಬ್ರೂಬೇಕರನ ತಗ್ಗಿದ ನಡಿಗೆ

ದೇವರು ಮನುಷ್ಯನ ಹೊಟ್ಟೆಯನ್ನು ಮುಂದಕ್ಕೆ ಇಟ್ಟಿದ್ದಾನೆ, ಅವನಿಗೇ ಕಾಣಲಿ ಎಂದು. ಬೆನ್ನನ್ನು ಹಿಂದಕ್ಕೆ ಇಟ್ಟಿದ್ದಾನೆ, ಊರಿನವರಿಗೆ ಕಾಣಲಿ ಎಂದು. ಈ ಏರ್ಪಾಟಿನಲ್ಲಿ ಕೈಹಾಕಿದವನ ಗತಿ ಏನಾಗುತ್ತದೆ ಎಂದು ತಿಳಿಯಬೇಕಾದರೆ ಕೆನಡಾದ ಎಲ್ಮೈರಾ ಊರಿನಾಚೆಯ ಮೇವಿನ ಗಿರಣಿಯ ನೆವಿನ್ ಬ್ರೂಬೇಕರನ ಕಥೆ ಕೇಳಬೇಕು.

ನೆವಿನ್‌ಗೆ ಐವತ್ತಮೂರು ವರ್ಷ. ದನಕ್ಕೆ, ಹಂದಿಗೆ, ಕೋಳಿಗೆ ಬೇಕಾದ ಮೇವನ್ನು ಅರೆದು ಮೂಟೆ ಕಟ್ಟಿ ಮಾರುವುದು ಕಸುಬು. ಸರಳ ಬಾಳನ್ನೇ ಕಟ್ಟಳೆ ಮಾಡಿಕೊಂಡ ಕ್ರೈಸ್ತ ಪಂಗಡ ಮೆನ್ನೊನೈಟ್ ಸಭೆಯ ಮನುಷ್ಯ. ಕಾಲರಿಲ್ಲದ ಕರಿ ಕೋಟು, ಕರಿ ಟೋಪಿ, ಕರಿ ಕಾರು. ಕಾರು ಅಂಗಡಿಯಿಂದ ಬಂದಾಗ ಅದರ ಬಂಪರು ಕನ್ನಡಿಯಂತೆ ಹೊಳೆಯುತ್ತಿತ್ತು. ಹೊಳಪು ಅಂದರೆ ಡಂಬ, ಡಂಬ ಅಂದರೆ ಅಹಂಕಾರ, ಅಹಂಕಾರ ಅಂದರೆ ನರಕಕ್ಕೆ ನೇರ ಇಳಿಜಾರು. ಆದ್ದರಿಂದ ಸಭೆಯ ಕಟ್ಟಳೆಯಂತೆ ನೆವಿನ್ ಮೊದಲ ದಿನವೇ ಕುಂಚ ಹಿಡಿದು ಬಂಪರಿಗೂ ಕರಿ ಬಣ್ಣ ಬಳಿದಿದ್ದ. ಹೊಳೆಯುವ ವಸ್ತುವಿನಿಂದ ತನಗಿನ್ನು ಅಪಾಯವಿಲ್ಲ ಎಂದುಕೊಂಡಿದ್ದ.

ಎರಡು ವರ್ಷದ ಹಿಂದೆ ಅವನ ತೂಕ ಅವನದೇ ಗಿರಣಿಯ ಆರು ಮೂಟೆಗಳಷ್ಟಿತ್ತು. ಸಕ್ಕರೆ ಕಾಯಿಲೆ ಬಂತು, ಡಾಕ್ಟರು ಗದರಿದರು. ನೆವಿನ್ ತನ್ನ ಹೆಂಡತಿ ಅಲ್ಮೀಡಾ ಮಾಡುವ ಕಾಕಂಬಿ ಪೈಯನ್ನು ಕಣ್ಣೀರಿಟ್ಟು ಬಿಟ್ಟ. ಸಾಸೇಜನ್ನು ಹೆಚ್ಚು ಕಣ್ಣೀರಿಟ್ಟು ಬಿಟ್ಟ. ಬೆಳಗೂ ಬೈಗೂ ಗಿರಣಿಯ ಸುತ್ತ ಸುತ್ತಿ ಸುತ್ತಿ ಆರು ಮೂಟೆಯ ನೆವಿನ್ ನಾಲ್ಕು ಮೂಟೆಯ ನೆವಿನ್ ಆದ. ಆದರೆ ಕೊಬ್ಬು ಹೋಯಿತೇ ಹೊರತು ಚರ್ಮ ಹೋಗಲಿಲ್ಲ. ನಿಂತರೆ ಸೊಂಟದಿಂದ ಜೋತುಬೀಳುತ್ತಿತ್ತು. ಕೂತರೆ ಸಾಕಿದ ಬೆಕ್ಕಿನಂತೆ ತೊಡೆಯ ಮೇಲೆ ಬಂದು ಕೂರುತ್ತಿತ್ತು. ಮೂವತ್ತು ವರ್ಷ ಹಿಂದಿನ ಮದುವೆಯ ಕೋಟು ಹೆಗಲಿಗೆ ಸರಿಹೋಯಿತು, ಬೆನ್ನಿಗೆ ಸರಿಹೋಯಿತು, ಹೊಟ್ಟೆಯ ಹತ್ತಿರ ಬಂದಾಗ ಗುಂಡಿ ಹಟ ಹಿಡಿಯಿತು.

ಡಿಸೆಂಬರಿನಲ್ಲಿ ಹಂದಿ ಕೊಯ್ಯುವ ದಿನ ನೆಂಟರಿಷ್ಟರೆಲ್ಲ ಸೇರಿದ್ದರು. ಅಲ್ಮೀಡಾಳ ತಮ್ಮ ಓಸಿಯಾ ಫ್ರೇ, ಹುಟ್ಟಿದಾಗಿನಿಂದ ಬಾಯಿಗೆ ಬಾಗಿಲು ಹಾಕಿಸದ ಮನುಷ್ಯ, ಚಾಕು ಮಸೆಯುತ್ತಾ ಕೂಗಿದ:

"ಭಾವ, ಮೂಟೆ ಇಳಿಸಿದ್ದೀಯ, ಒಪ್ಪಿದೆ. ಖಾಲಿ ಚೀಲ ಯಾಕೆ ಇನ್ನೂ ಇಟ್ಕೊಂಡಿದ್ದೀಯ? ನಿನ್ನ ಗಿರಣಿಗೇ ವಾಪಸ್ ಕೊಡು, ಹತ್ತು ಸೆಂಟ್ ಸಿಗುತ್ತೆ!"

ಹನ್ನೊಂದು ಜನ ನಕ್ಕರು. ನೆವಿನ್ ಎಲ್ಲರಿಗಿಂತ ಜೋರಾಗಿ ನಕ್ಕ. ಮರುದಿನ ಬೆಳಿಗ್ಗೆ ಟೊರಾಂಟೋದ ಆಪರೇಷನ್ ಡಾಕ್ಟರಿಗೆ ಫೋನ್ ಮಾಡಿದ.

ಅಲ್ಮೀಡಾ ಕಡ್ಡಿಯಂಥ ಹೆಂಗಸು, ಮಾತೂ ಕಡ್ಡಿಯಂಥದೇ.

"ಬಂಪರಿಗೆ ಬಣ್ಣ ಬಳಿದಾಯ್ತು. ಈಗ ಹೊಟ್ಟೆಗೆ ಇಸ್ತ್ರಿ ಹಾಕಿಸ್ತೀಯಾ?"

"ಕೋಟು ಸರಿಹೋಗ್ಲಿ ಅಂತ ಅಷ್ಟೇ."

"ಕೋಟು ಬಿಚ್ಚಿ ಎರಡು ಇಂಚು ಬಿಟ್ಟು ಹೊಲಿಯೋದು ನನಗೆ ಅರ್ಧ ಗಂಟೆ ಕೆಲಸ. ನಿನ್ನನ್ನ ಹೊಲಿಯೋಕೆ ಎಷ್ಟು ಹೊತ್ತಂತೆ?"

"ನಾಲ್ಕು ಗಂಟೆಯಂತೆ."

"ಹಾಗಾದ್ರೆ ಕೋಟೇ ಬುದ್ಧಿವಂತ," ಎಂದಳು ಅಲ್ಮೀಡಾ. ಆದರೂ ಮಾರ್ಚ್ ಮೊದಲ ವಾರ ಚೀಲಕ್ಕೆ ಎರಡು ಜೊತೆ ಬಟ್ಟೆ ತುಂಬಿಕೊಂಡು ಜೊತೆಗೆ ಹೊರಟಳು. ಕೇಳಿದವರಿಗೆ ನೆವಿನ್ "ಟೊರಾಂಟೋದಲ್ಲಿ ಸ್ವಲ್ಪ ಕೆಲಸ" ಎಂದ. ಸುಳ್ಳಲ್ಲ. ನಿಜವನ್ನು ಎರಡು ಮಡಿಕೆ ಮಡಚಿ ಕೊಟ್ಟಿದ್ದ, ಅಷ್ಟೇ.

ಟೊರಾಂಟೋದ ಡಾಕ್ಟರಮ್ಮ ಅವನನ್ನು ನಿಲ್ಲಿಸಿ, ಬಡಗಿ ಹಲಗೆಗೆ ಗುರುತು ಹಾಕುವಂತೆ ಹೊಟ್ಟೆಯ ಮೇಲೆ ನೀಲಿ ಗೆರೆ ಎಳೆದಳು. ಮತ್ತಿನಿಂದ ಎದ್ದಾಗ ಹೊಟ್ಟೆಯಿರಲಿಲ್ಲ, ಅದರ ಜಾಗದಲ್ಲಿ ಈ ಸೊಂಟದಿಂದ ಆ ಸೊಂಟದವರೆಗೆ ಒಂದು ಉರಿ ಇತ್ತು. ಗಾಯದ ನೀರು ಇಳಿಯಲು ಎರಡು ಕೊಳವೆ, ಕೊಳವೆಯ ತುದಿಗೆ ಎರಡು ರಬ್ಬರ್ ಬುರುಡೆ. ಕೆಮ್ಮಿದರೆ ಸತ್ತ, ಸೀನಿದರೆ ಎರಡು ಸಲ ಸತ್ತ. ಯಾರಾದರೂ ನಗಿಸಿದರೆ ಅವರ ಮೇಲೆ ಪೊಲೀಸರನ್ನು ಕರೆಯುವ ಹಾಗಾಯಿತು. ಅಲ್ಮೀಡಾಳ ಚಿಕ್ಕಮ್ಮನ ಮಗಳ ಮನೆಯ ಒರಗು ಕುರ್ಚಿಯಲ್ಲಿ ಹತ್ತು ದಿನ ಮಡಚಿಕೊಂಡೇ ಮಲಗಿದ.

ಹೊರಡುವಾಗ ಡಾಕ್ಟರಮ್ಮ ಹೇಳಿದಳು: "ಮೂರು ವಾರ ಬಾಗೇ ನಡೀಬೇಕು. ನೆಟ್ಟಗೆ ನಿಂತರೆ ಹೊಲಿಗೆ ಎಳೆಯುತ್ತೆ. ಆರು ವಾರ ಐದು ಪೌಂಡಿಗಿಂತ ಹೆಚ್ಚು ಎತ್ತಬೇಡಿ. ಆರು ವಾರ ಹಗಲೂ ರಾತ್ರಿ ಈ ಕವಚ ಬಿಚ್ಚಬೇಡಿ. ಎರಡಿದೆ, ಒಂದು ಒಗೆದಾಗ ಇನ್ನೊಂದು."

ಕವಚ ಅಂದರೆ ಮೈಬಣ್ಣದ ರಬ್ಬರ್ ಬಟ್ಟೆ. ಕಂಕುಳಿಂದ ತೊಡೆಯವರೆಗೆ ಬಿಗಿ, ಮುಂದೆ ಸಾಲು ಕೊಕ್ಕೆ.

"ಬಾಗಿ ನಡೆದರೆ ಜನ ಕೇಳ್ತಾರಲ್ಲ?"

"ಬೆನ್ನುನೋವು ಅನ್ನಿ."

ನೆವಿನ್ ದಾರಿಯುದ್ದಕ್ಕೂ ಯೋಚಿಸಿದ. ಬೆನ್ನುನೋವು ಎಂಬುದು ಸುಳ್ಳು. ಸುಳ್ಳು ಪಾಪ. ಹೊಟ್ಟೆ ಎಂಬುದು ನಿಜ. ನಿಜ ನಾಚಿಕೆ. ಆದ್ದರಿಂದ ಏನೂ ಹೇಳದೆ ಇರುವುದೇ ದೈವಭಕ್ತನ ಲಕ್ಷಣ ಎಂದು ತೀರ್ಮಾನಿಸಿದ. ಮುಂದೆ ಆದದ್ದೆಲ್ಲ ಈ ಪವಿತ್ರವಾದ ತೀರ್ಮಾನದ ಫಲ.

ಊರಿಗೆ ಬಂದ ಮೂರನೆಯ ದಿನ ಭಾನುವಾರ. ಕಾರಿನಿಂದ ಇಳಿದು ಸಭಾಮಂದಿರದ ಬಾಗಿಲು ಮುಟ್ಟುವಷ್ಟರಲ್ಲಿ ಧರ್ಮಪ್ರಸಂಗ ಅರ್ಧ ಮುಗಿದಿತ್ತು. ಎಪ್ಪತ್ತೆಂಟರ ಬಿಷಪ್ ಆಮ್ಸಿ ಗಿಂಗ್ರಿಚ್ ಅಂದು ದೇವಾಲಯದಲ್ಲಿ ತಲೆತಗ್ಗಿಸಿ ಪ್ರಾರ್ಥಿಸಿದ ಬೈಬಲಿನ ಸುಂಕದವನ ಕಥೆ ಹೇಳುತ್ತಿದ್ದರು. "ಅವನು ಎಲ್ಲಿ ನಿಂತ? ದೂರದಲ್ಲಿ ನಿಂತ! ತಲೆ ಎತ್ತಿದನಾ? ಎತ್ತಲಿಲ್ಲ! ಇಂಥ ಒಬ್ಬ ಮನುಷ್ಯ ಇವತ್ತು ನಮ್ಮ ನಡುವೆ ಇದ್ದಾನಾ?" ಎಂದು ಕೈಯೆತ್ತಿ ಕೇಳಿದ್ದೇ ತಡ, ಹಿಂದಿನ ಬಾಗಿಲು ಕಿರ್ರೆಂದಿತು.

ಇನ್ನೂರು ತಲೆಗಳು ತಿರುಗಿದವು. ನೆವಿನ್ ಬ್ರೂಬೇಕರ್ ಮುಖ ನೆಲಕ್ಕೆ ಹಾಕಿ, ಎರಡಾಗಿ ಬಾಗಿ, ಒಂದೊಂದೇ ಹೆಜ್ಜೆ ಇಡುತ್ತ ಬಂದ. ಅವನ ಜಾಗ ಮುಂದಿನಿಂದ ಮೂರನೆಯ ಬೆಂಚು. ಅಲ್ಲಿಯವರೆಗೆ ನಡೆಯುವ ಶಕ್ತಿಯಿಲ್ಲದೆ ಕೊನೆಯ ಬೆಂಚಿನ ತುದಿಯಲ್ಲಿ ಕುಸಿದ.

ಬಿಷಪ್ಪರ ಎತ್ತಿದ ಕೈ ಎತ್ತಿದಲ್ಲೇ ನಿಂತಿತು.

ಪ್ರಾರ್ಥನೆಗೆ ಎಲ್ಲರೂ ಬೆಂಚಿನ ಕಡೆ ತಿರುಗಿ ಮೊಣಕಾಲೂರಿದರು. ನೆವಿನ್ ಕೂಡ ಊರಿದ. ಇಳಿಯುವುದು ಎಲ್ಲರಿಗೂ ಸುಲಭ. ಪ್ರಾರ್ಥನೆ ಮುಗಿದು ಜನ ಎದ್ದರು, ನೆವಿನ್‌ಗೆ ಏಳಲಾಗಲಿಲ್ಲ. ಆರು ಚರಣದ ಗೀತೆ ಶುರುವಾಯಿತು. ನಮ್ಮ ಸಭೆಯಲ್ಲಿ ಆರು ಚರಣ ಅಂದರೆ ಹಸುವಿನ ಹಾಲು ಕರೆದು ಮುಗಿಸಬಹುದು. ನಾಲ್ಕನೆಯ ಚರಣದವರೆಗೆ ಅವನು ಮೊಣಕಾಲ ಮೇಲೇ ಇದ್ದ. ಐದನೆಯದರಲ್ಲಿ ಬೆಂಚು ಹಿಡಿದು ಮೇಲೆದ್ದಾಗ ಕೆನ್ನೆಯ ಮೇಲೆ ಧಾರೆಯಾಗಿ ನೀರು. ಹೊಲಿಗೆ ಎಳೆದರೆ ಯಾರಿಗೂ ಬರುವಂಥ ನೀರು. ಆದರೆ ಕಣ್ಣೀರಿನ ಮೇಲೆ ಕಾರಣ ಬರೆದಿರುವುದಿಲ್ಲವಲ್ಲ.

ಅದೇ ದಿನ ಬಿಷಪ್ಪರು ಸಾರಿದರು: ಹಳೆಯ ಡೀಕನ್ ಚಳಿಗಾಲದಲ್ಲಿ ತೀರಿಕೊಂಡಿದ್ದಾರೆ, ಹೊಸಬರು ಬೇಕು. ಎರಡು ವಾರ ಬಿಟ್ಟು ಒಬ್ಬೊಬ್ಬರೇ ಒಳಕೋಣೆಗೆ ಬಂದು ನನ್ನ ಕಿವಿಯಲ್ಲಿ ಒಂದು ಹೆಸರು ಹೇಳಿ. ಮೂರು ಬಾಯಲ್ಲಿ ಬಂದ ಹೆಸರು ಚೀಟಿಗೆ ನಿಲ್ಲುತ್ತದೆ. ಚೀಟಿ ಯಾರಿಗೆ ಎಂಬುದನ್ನು ದೇವರು ನೋಡಿಕೊಳ್ಳುತ್ತಾನೆ.

ಡೀಕನ್ ಅಂದರೆ ಸಣ್ಣ ಕೆಲಸವಲ್ಲ. ಬಡವರಿಗೆ ನೆರವು ತಲುಪಿಸುವುದು ಅರ್ಧ. ಇನ್ನರ್ಧ, ಯಾರ ಮನೆಯಲ್ಲಿ ಡಂಬ ಕಾಣಿಸಿತೋ ಅಲ್ಲಿಗೆ ಹೋಗಿ, ಕೊಟ್ಟ ಕಾಫಿ ಕುಡಿದು, ತಿದ್ದಿಕೊಳ್ಳಿ ಎಂದು ಹೇಳಿ ಬರುವುದು. ಸಂಬಳವಿಲ್ಲ. ಸಾಯುವ ತನಕ ಬಿಡುಗಡೆಯೂ ಇಲ್ಲ.

ಸೋಮವಾರ ಎದುರುಮನೆಯ ಸಲೋಮಿ ಷರ್ಕ್ ಕೋಳಿ ಮೇವಿಗೆ ಬಂದಳು. ಎಪ್ಪತ್ತೆರಡು ವರ್ಷ, ಕಣ್ಣು ಚುರುಕು, ಕಾಲು ಅದಕ್ಕಿಂತ ಚುರುಕು, ಮಿಕ್ಕದ್ದನ್ನು ಹೇಳಬೇಕಾಗಿಲ್ಲ.

"ಸಲೋಮಿ, ಆ ಮೂಟೆ ನೀನೇ ಗಾಡಿಗೆ ಹಾಕ್ಕೊತೀಯಾ? ನನ್ನ ಕೈಲಿ ಆಗಲ್ಲ."

"ಅಯ್ಯೋ ಇದೇನಪ್ಪಾ! ಹೋದ ವರ್ಷ ಒಂದೊಂದು ಕೈಲಿ ಒಂದೊಂದು ಮೂಟೆ ಎತ್ತಿ ತೋರಿಸ್ತಿದ್ದೆಯಲ್ಲೋ?"

"ತೋರಿಸಿದ್ದೇ ತಪ್ಪಾಯ್ತು ಬಿಡು," ಎಂದ ನೆವಿನ್.

ಸಲೋಮಿ ಅವನನ್ನು ಮೇಲಿಂದ ಕೆಳಕ್ಕೆ ನೋಡಿದಳು. ಐವತ್ತು ಪೌಂಡಿನ ಮೂಟೆಯನ್ನು ತಬ್ಬಿ, ನರಳಿ, ಗಾಡಿಗೆ ದಬ್ಬಿದಳು. ಊಟದ ಹೊತ್ತಿಗೆ ಐದು ಅಡಿಗೆಮನೆಗಳಲ್ಲಿ ಒಂದೇ ಮಾತು: "ತನ್ನ ಬಲವನ್ನೇ ದೇವರ ಪಾದಕ್ಕೆ ಹಾಕಿಬಿಟ್ಟಿದ್ದಾನೆ ಕಣ್ರೇ. ನನ್ನಂಥ ಮುದುಕಿ ಹತ್ತಿರ ಸಹಾಯ ಕೇಳ್ದ. ಯಾವ ಗಂಡಸು ಕೇಳ್ತಾನೆ?"

ಎರಡು ವಾರ ಕಳೆಯಿತು. ಪಿಸುಮಾತಿನ ಭಾನುವಾರ ನಾಲ್ಕು ಹೆಸರು ಹೊರಬಿದ್ದವು. ನಾಲ್ಕನೆಯದು ನೆವಿನ್ ಬ್ರೂಬೇಕರ್. ಓಸಿಯಾ ಅಂಗಳದಲ್ಲೇ ಬಂದು ಬೆನ್ನಿಗೆ ಬಡಿದ. ಆ ಬಡಿತ ಬೆನ್ನಿನಿಂದ ಹೊರಟು ಹೊಲಿಗೆಯ ಒಂದೊಂದು ಗಂಟನ್ನೂ ಮಾತಾಡಿಸಿಕೊಂಡು ಬಂತು.

"ನನ್ನದೂ ಒಂದು ಪಿಸುಮಾತು ನಿನಗೇ ಭಾವ! ಅವತ್ತು ಚೀಲ ಗೀಲ ಅಂತ ಅಂದು ನಿನ್ನ ಮನಸ್ಸು ನೋಯಿಸಿದ್ದೆ. ಈಗ ಸರಿಹೋಯ್ತಲ್ಲ?"

ಮಂಗಳವಾರ ಬಿಷಪ್ ಆಮ್ಸಿ ಗಿರಣಿಗೆ ಬಂದು ಮೂಟೆಯ ಮೇಲೆ ಕೂತರು.

"ಬಿಷಪ್ಪರೇ, ನನ್ನ ಹೆಸರು ತೆಗೆದುಬಿಡಿ. ನಾನು ಯೋಗ್ಯನಲ್ಲ."

"ಮಿಕ್ಕ ಮೂವರೂ ಇದನ್ನೇ ಹೇಳಿದರು. ಹೇಳದೆ ಇದ್ದಿದ್ರೆ ತೆಗೀತಿದ್ದೆ."

"ನನಗೆ ಡಂಬ ಇದೆ. ತುಂಬಾ ಇದೆ."

"ಎಲ್ಲಿದೆ?"

ನೆವಿನ್‌ನ ಕೈ ಹೊಟ್ಟೆಯ ಹತ್ತಿರ ಹೋಗಿ ವಾಪಸು ಬಂತು. "ಒಳಗೆ," ಎಂದ.

"ಎಲ್ಲರದ್ದೂ ಒಳಗೇ ಇರೋದಪ್ಪ. ಹೊರಗೆ ಬಂದಾಗ ಹೇಳು."

ಹೊರಗೇ ಇತ್ತು, ತೆಗೆಸಿದೆ, ಎನ್ನಲು ನಾಲಗೆ ಹೊರಳಲಿಲ್ಲ. ಬಿಷಪ್ಪರು ಎದ್ದು ಹೆಗಲ ಮೇಲೆ ಕೈಯಿಟ್ಟರು. "ನಲವತ್ತು ವರ್ಷದಿಂದ ಈ ಕೆಲಸದಲ್ಲಿದ್ದೀನಿ. ನಾನು ಅಹಂಕಾರಿ ಅಂತ ಬಾಯಿಬಿಟ್ಟು ಹೇಳೋ ಅಹಂಕಾರೀನ ಇನ್ನೂ ನೋಡಿಲ್ಲ." ಹೀಗೆ ನೆವಿನ್ ತನ್ನ ದೋಷ ಹೇಳಿಕೊಂಡಷ್ಟೂ ಅವನ ಗುಣ ಹೆಚ್ಚುತ್ತ ಹೋಯಿತು.

ಏಪ್ರಿಲ್ ಮೊದಲ ವಾರ ಡಾಕ್ಟರಮ್ಮ ಫೋನಿನಲ್ಲಿ "ಇನ್ನು ನೆಟ್ಟಗೆ ನಿಲ್ಲಿ" ಎಂದಳು. ನೆವಿನ್ ಮಲಗುವ ಕೋಣೆಯ ಬಾಗಿಲು ಹಾಕಿ, ಮದುವೆಯ ಕೋಟು ತೊಟ್ಟ. ಗುಂಡಿ ತಾನಾಗಿ ಹೋಗಿ ತೂತಿನಲ್ಲಿ ಕೂತಿತು. ಕ್ಷೌರದ ಕನ್ನಡಿ ಅಂಗೈಯಗಲದ್ದು. ಅದನ್ನೇ ಮೇಲೆ ಕೆಳಗೆ ಆಡಿಸಿ ತನ್ನನ್ನು ತುಂಡು ತುಂಡಾಗಿ ನೋಡಿಕೊಂಡ. ಎಲ್ಲ ತುಂಡೂ ಚೆನ್ನಾಗಿತ್ತು. ಅದೇ ಸಂತೋಷದಲ್ಲಿ ಕೋಟು ಕಳಚಿಟ್ಟು, ಗಿರಣಿಗೆ ನೆಟ್ಟಗೆ ನಡೆದುಹೋದ.

ಬಾಗಿಲಲ್ಲೇ ಓಸಿಯಾ. "ಏನ್ ಭಾವ! ಹೆಸರು ಚೀಟಿಗೆ ಬಿದ್ದಿದ್ದೇ ಎದೆ ಉಬ್ಬಿಬಿಡ್ತಾ?"

ನೆವಿನ್ ನಿಂತಲ್ಲೇ ಮತ್ತೆ ಬಾಗಿದ. ನಾಲ್ಕು ಗಂಟೆ ಹೊಲಿಸಿಕೊಂಡ ಹೊಟ್ಟೆಯನ್ನು ಊರಿಗೆ ಕಾಣದಂತೆ ಮಡಚಿಟ್ಟುಕೊಂಡು ಓಡಾಡುವುದೇ ಅವನ ಪಾಲಿಗೆ ಬಂತು. ವಾರದೊಳಗೆ ನಿಜವಾದ ಬೆನ್ನುನೋವು ಶುರುವಾಯಿತು. ಈಗ ಹೇಳಬಹುದಾಗಿದ್ದ ನಿಜ ಅದೊಂದೇ. ಕೇಳುವವರು ಮಾತ್ರ ಯಾರೂ ಇರಲಿಲ್ಲ.

ಇಷ್ಟರಲ್ಲೇ ಮುಗಿದಿದ್ದರೆ ಕಥೆ ನೆವಿನ್ ಒಬ್ಬನದೇ ಆಗಿರುತ್ತಿತ್ತು. ಆದರೆ ಸೋಮವಾರ ಎಂಬ ದಿನವೊಂದಿದೆ. ನಮ್ಮಲ್ಲಿ ಸೋಮವಾರ ಒಗೆತ. ಮನೆಮನೆಯ ಹಗ್ಗದ ಮೇಲೆ ಅಂಗಿ ಒಂದು ಕಡೆ, ಲಂಗ ಒಂದು ಕಡೆ, ಕಾಲುಚೀಲ ಸಾಲಾಗಿ. ಹಗ್ಗ ನೋಡಿ ಮನೆಯ ಸಮಾಚಾರ ಹೇಳಬಹುದು. ಅಲ್ಮೀಡಾ ವಾರವಾರವೂ ಕವಚವನ್ನು ಎರಡು ದುಪ್ಪಟಿಗಳ ನಡುವೆ ಅಡಗಿಸಿ ಒಣಹಾಕುತ್ತಿದ್ದಳು. ಆ ಸೋಮವಾರ ಗಾಳಿ ಎದ್ದಿತು. ಹೊರಗಿನ ದುಪ್ಪಟಿ ಹಾರಿ ಬೇಲಿಯ ಮೇಲೆ ಬಿತ್ತು. ತಲೆಯಿಲ್ಲದ, ಕಾಲಿಲ್ಲದ, ಮೈಬಣ್ಣದ ಒಂದು ಮನುಷ್ಯಾಕಾರ ಗಾಳಿ ತುಂಬಿಕೊಂಡು ಇಡೀ ರಸ್ತೆಗೆ ಕೈಯಿಲ್ಲದೆಯೇ ನಮಸ್ಕಾರ ಮಾಡಿತು.

ಎದುರುಮನೆಯ ಕಿಟಕಿಯಲ್ಲಿ ಸಲೋಮಿ ಇದ್ದಳು. ಅವಳು ಎಂದೂ ಅಲ್ಲೇ ಇರುತ್ತಾಳೆ.

ಗುರುವಾರ ಹೆಂಗಸರೆಲ್ಲ ಕೌದಿ ಹೊಲಿಯಲು ಸೇರಿದಾಗ ಸಲೋಮಿ ಸೂಜಿಗೆ ದಾರ ಪೋಣಿಸುತ್ತ ಶುರುಮಾಡಿದಳು. "ನಾನು ಯಾರ ಮೇಲೂ ಹೇಳೋಳಲ್ಲ. ಕಂಡದ್ದನ್ನ ಹೇಳ್ತೀನಿ. ಕಂಕುಳಿಂದ ತೊಡೆವರೆಗೆ. ಪ್ಯಾಟೆ ಹೆಂಗಸರು ಮೈ ಬಿಗಿಯೋಕೆ ಹಾಕ್ಕೊಳೋದು. ಮುಂದೆ ನಲವತ್ತು ಕೊಕ್ಕೆ, ಎಣಿಸಿದೆ."

"ಅಷ್ಟು ದೂರದಿಂದ ಹೇಗೆ ಎಣಿಸಿದೆ?"

"ಹತ್ತಿರ ಹೋಗಿ ಎಣಿಸಿದೆ."

"ಅಲ್ವೇ, ಅಲ್ಮೀಡಾ ಕಡ್ಡಿ ಇದ್ದ ಹಾಗಿದ್ದಾಳೆ. ಅವಳಿಗ್ಯಾಕೆ ಅದು?"

"ಅದನ್ನ ಹಾಕ್ಕೊಂಡೇ ಕಡ್ಡಿ ಇದ್ದ ಹಾಗಿರೋದು!"

ಸೂಜಿಗಳೆಲ್ಲ ನಿಂತವು. ನಾಲ್ಕು ಹೆತ್ತರೂ ಅಲ್ಮೀಡಾ ತೆಳ್ಳಗೆ ಹೇಗಿದ್ದಾಳೆ ಎಂಬ ಮೂವತ್ತು ವರ್ಷದ ಒಗಟು ಒಂದೇ ಕ್ಷಣದಲ್ಲಿ ಬಿಚ್ಚಿಕೊಂಡಿತು. ಆಗಲೇ ಅಲ್ಮೀಡಾ ಬಾಗಿಲಲ್ಲಿ ಪೈ ಹಿಡಿದು ನಿಂತಿದ್ದಳು. ಯಾರೂ ಸರಿದು ಜಾಗ ಕೊಡಲಿಲ್ಲ. ಅವಳು ಪೈಯನ್ನು ಮೇಜಿನ ಮೇಲಿಟ್ಟು, ಬಂದ ದಾರಿಯಲ್ಲೇ ಹೊರಟುಹೋದಳು.

ಶುಕ್ರವಾರ ಬಿಷಪ್ಪರು ಹೆಂಡತಿಯೊಂದಿಗೆ ಬಂದರು. ಮುಖ ಸಪ್ಪಗಿತ್ತು.

"ಅಲ್ಮೀಡಾ, ಹಗ್ಗದ ಮೇಲಿದ್ದದ್ದು ನಿನ್ನದಾ?"

ಅಲ್ಮೀಡಾ ಗಂಡನ ಕಡೆ ನೋಡಿದಳು. ನೆವಿನ್ ತನ್ನ ಪಾದಗಳನ್ನು ನೋಡುತ್ತಿದ್ದ. ಬಾಗಿದವನಿಗೆ ಆ ಅನುಕೂಲವಿದೆ.

"ನಮ್ಮನೆ ಹಗ್ಗದ ಮೇಲಿದ್ದದ್ದು ನಮ್ಮನೆಯದೇ ಬಿಷಪ್ಪರೇ."

"ಹಾಗಾದ್ರೆ ಭಾನುವಾರ ಸಭೆ ಮುಂದೆ ಎದ್ದು ತಪ್ಪು ಒಪ್ಪಿಕೋಬೇಕಾಗುತ್ತಮ್ಮ. ಮನೆ ಒಪ್ಪವಾಗಿಲ್ಲ ಅಂದ್ರೆ ನೆವಿನ್ ಹೆಸರೂ ಚೀಟಿಯಿಂದ ಬಿಡಬೇಕಾಗುತ್ತೆ. ನನಗೂ ದುಃಖವೇ."

ಅವರು ಹೋದ ಮೇಲೆ ನೆವಿನ್ ಕುರ್ಚಿಯಲ್ಲಿ ಕೂತು ಉಸಿರು ಬಿಟ್ಟ. "ಹೆಸರು ಬಿಟ್ಟುಹೋಗುತ್ತಂತೆ," ಎಂದ. ಧ್ವನಿಯಲ್ಲಿ ಬೇಡಬೇಡವೆಂದರೂ ಸ್ವಲ್ಪ ಗೆಲುವಿತ್ತು. "ನೀನು ಒಂದು ನಿಮಿಷ ಎದ್ದು ನಿಂತರೆ ಸಾಕು..."

ಅಲ್ಮೀಡಾ ಸೌಟು ಕೆಳಗಿಟ್ಟಳು.

"ನಿನ್ನ ಹೊಟ್ಟೆ ಟೊರಾಂಟೋದಲ್ಲಿ ಬಿದ್ದಿದೆ. ನಿನ್ನ ಪಾಪ ಮಾತ್ರ ನನ್ನ ಮೈಮೇಲೆ ಬಂದು ಕೂತಿದೆ. ಆಗ್ಲಿ ಬಿಡು. ಮೂವತ್ತು ವರ್ಷದಿಂದ ನಿನ್ನ ಬಟ್ಟೆ ಒಗೆದಿದ್ದೀನಿ, ಇದನ್ನೂ ಒಗೀತೀನಿ."

ಅಷ್ಟು ಹೇಳಿ ತಟ್ಟೆ ಅವನ ಮುಂದಿಟ್ಟಳು. ಆಮೇಲೆ ಸೂಜಿ ದಾರ ತೆಗೆದುಕೊಂಡು ಕಿಟಕಿಯ ಹತ್ತಿರ ಕೂತಳು. ಮೂರು ಸಲ ಪೋಣಿಸಿದರೂ ದಾರ ಸೂಜಿಯ ಕಣ್ಣಿಗೆ ಹೋಗಲಿಲ್ಲ. ಅಲ್ಮೀಡಾಳ ಕೈಯಲ್ಲಿ ಎಂದೂ ಹಾಗಾದದ್ದನ್ನು ನೆವಿನ್ ನೋಡಿರಲಿಲ್ಲ. ಅವನು ತಟ್ಟೆ ಸರಿಸಿ, ಟೋಪಿ ಹಾಕಿಕೊಂಡು ಹೊರಟ.

ಬಿಷಪ್ ಆಮ್ಸಿ ತಮ್ಮ ಕೊಟ್ಟಿಗೆಯಲ್ಲಿ ಅಂದು ಹುಟ್ಟಿದ ಕರುವಿನ ಹೊಕ್ಕುಳಿಗೆ ಅಯೋಡಿನ್ ಹಚ್ಚುತ್ತಿದ್ದರು.

"ಬಿಷಪ್ಪರೇ, ಅದು ಅಲ್ಮೀಡಾಳದ್ದಲ್ಲ. ನನ್ನದು."

ಮುದುಕರ ಕಣ್ಣು ಒದ್ದೆಯಾಯಿತು. "ನೆವಿನ್, ಹೆಂಡತಿ ತಪ್ಪನ್ನ ಗಂಡ ಹೊತ್ಕೊಳೋದು ದೊಡ್ಡ ಗುಣ. ಆದ್ರೆ ಅದಕ್ಕಾಗಿ ಸುಳ್ಳು ಹೇಳಬಾರದಪ್ಪ."

"ಸುಳ್ಳಲ್ಲ! ಈಗಲೂ ಒಂದು ಹಾಕ್ಕೊಂಡಿದ್ದೀನಿ!"

"ಎಂಥ ಪ್ರೀತಿ," ಎಂದರು ಬಿಷಪ್ಪರು ಕರುವಿಗೆ.

ಇನ್ನು ಮಾತಿನಿಂದ ಪ್ರಯೋಜನವಿರಲಿಲ್ಲ. ನೆವಿನ್ ಕೋಟು ತೆಗೆದ. ಹೆಗಲ ಪಟ್ಟಿ ಇಳಿಸಿದ. ಅಂಗಿ ತೆಗೆದ. ಕೊಕ್ಕೆ ಬಿಚ್ಚತೊಡಗಿದ. ನಲವತ್ತು ಕೊಕ್ಕೆ, ಸಲೋಮಿಯ ಲೆಕ್ಕ ಸರಿಯಾಗಿತ್ತು. ಅಷ್ಟರಲ್ಲಿ ಬಿಷಪ್ಪರು ಕರುವಿನ ಕೆಲಸ ಮುಗಿಸಿ, ಕೈತೊಳೆದು, ಕನ್ನಡಕ ಒರೆಸಿಕೊಂಡು, ಹತ್ತಿರ ಬಂದು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಜೀವಮಾನದಲ್ಲಿ ಅವರೂ ಎಷ್ಟೋ ದನ ಹಂದಿಗಳಿಗೆ ಹೊಲಿಗೆ ಹಾಕಿದ್ದರು.

"ಯಾರು ಹೊಲಿದದ್ದು?"

"ಟೊರಾಂಟೋ ಡಾಕ್ಟರಮ್ಮ."

"ಚೆನ್ನಾಗಿ ಹೊಲಿದಿದ್ದಾಳೆ." ಮತ್ತೂ ಬಗ್ಗಿದರು. "ಹೊಕ್ಕುಳ ಹೊಸದಾ?"

"ಹಳೇದೇ ಬಿಷಪ್ಪರೇ. ಜಾಗ ಹೊಸದು."

ಬಿಷಪ್ಪರು ನಿಧಾನವಾಗಿ ಬೆನ್ನು ನೆಟ್ಟಗೆ ಮಾಡಿಕೊಂಡರು. "ಹಾಗಾದ್ರೆ ನೀನು ಬಾಗಿದ್ದು..."

"ಹೊಲಿಗೆಗೆ."

"ಮೊಣಕಾಲ ಮೇಲೇ ಉಳಿದದ್ದು..."

"ಏಳಕ್ಕಾಗಲಿಲ್ಲ."

"ಆ ಪ್ರಸಂಗ ನನ್ನ ಜೀವನದಲ್ಲೇ ಚೆನ್ನಾಗಿ ಬಂದದ್ದು ಅಂದ್ಕೊಂಡಿದ್ದೆ," ಎಂದರು ಬಿಷಪ್ಪರು. ಕರು ಎದ್ದು ನಿಲ್ಲಲು ಹೋಗಿ ಮುಗ್ಗರಿಸಿತು. "ಯಾಕೆ ಮಾಡಿಸಿದೆ?"

"ಎರಡು ಮೂಟೆ ತೂಕ ಇಳಿಸಿದೆ. ಅದನ್ನ ಯಾರೂ ನೋಡಲಿಲ್ಲ. ಉಳಿದ ಚರ್ಮ ನೋಡಿ ನಕ್ಕರು. ಅದಕ್ಕೇ."

ಬಿಷಪ್ಪರು ಅಂಗಿ ಎತ್ತಿ ಅವನ ಹೆಗಲ ಮೇಲೆ ಹಾಕಿದರು. "ಭಾನುವಾರ ಎದ್ದು ನಿಲ್ಲೋದು ಅಲ್ಮೀಡಾ ಅಲ್ಲ, ನೀನು. ಇಷ್ಟೇ ಬಿಡಿಸಿ ಹೇಳು. ಅಂಗಿ ಮಾತ್ರ ತೆಗೀಬೇಡ."

ಭಾನುವಾರ ಪ್ರಸಂಗ ಮುಗಿದ ಮೇಲೆ ನೆವಿನ್ ಮುಂದೆ ಹೋಗಿ ಮೊಣಕಾಲೂರಿದ. "ನನ್ನ ಹೊಟ್ಟೆ ಚರ್ಮ ಜೋತುಬಿದ್ದಿತ್ತು. ಚೆನ್ನಾಗಿ ಕಾಣಲಿ ಅಂತ ಕೊಯ್ಯಿಸಿ ಹೊಲಿಸಿಕೊಂಡೆ. ಬಾಗಿ ನಡೆದದ್ದು ಹೊಲಿಗೆಗೋಸ್ಕರ, ದೇವರಿಗೋಸ್ಕರ ಅಲ್ಲ. ಮೂಟೆ ಎತ್ತದೆ ಇದ್ದದ್ದು ಡಾಕ್ಟರಮ್ಮ ಬೇಡ ಅಂದಿದ್ದಕ್ಕೆ. ನೀವೆಲ್ಲ ಒಳ್ಳೇವನು ಅಂದಾಗ ಸುಮ್ಮನಿದ್ದೆ. ಹಗ್ಗದ ಮೇಲಿದ್ದದ್ದು ನನ್ನದು. ಅಲ್ಮೀಡಾ ಬಾಯಿ ಬಿಡಲಿಲ್ಲ, ನನ್ನ ಮಾನ ಉಳೀಲಿ ಅಂತ."

ಗಂಡಸರ ಕಡೆಯ ಎರಡನೆಯ ಬೆಂಚು ನಡುಗತೊಡಗಿತು. ಹದಿನಾಲ್ಕು ಜನ ತುಟಿ ಕಚ್ಚಿ, ಕಣ್ಣು ಮುಚ್ಚಿ, ಉಸಿರು ಹಿಡಿದು ಕೂತಿದ್ದರು. ಬೆಂಚಿಗೆ ಮಾತ್ರ ಆ ಸಂಯಮವಿರಲಿಲ್ಲ, ಮೊಳೆ ಮೊಳೆಯೂ ಕಿರುಗುಟ್ಟಿತು. ಅದರ ತುದಿಯಲ್ಲಿ ಓಸಿಯಾ ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡು ನೇರಳೆ ಬಣ್ಣಕ್ಕೆ ತಿರುಗಿದ್ದ. ಹೆಂಗಸರ ಕಡೆಯಿಂದ ಸಲೋಮಿಯ ಪಿಸುಮಾತು ಸ್ಪಷ್ಟವಾಗಿ ಕೇಳಿಸಿತು: "ನನ್ನ ಕೈಲಿ ಮೂಟೆ ಹೊರಿಸಿದನಲ್ಲೇ!"

"ಕ್ಷಮಿಸ್ತೀರಾ?" ಎಂದು ಬಿಷಪ್ಪರು ಕೇಳಿದರು. ಎಲ್ಲರೂ ಕ್ಷಮಿಸಿದರು. ನಮ್ಮ ಕಟ್ಟಳೆಯಲ್ಲಿ ಕ್ಷಮಿಸಿದ ತಪ್ಪು ಇಲ್ಲದ ತಪ್ಪು. ಅದನ್ನು ಇನ್ನೆಂದೂ ಯಾರೂ ಬಾಯಲ್ಲಿ ಎತ್ತಬಾರದು. ನಲವತ್ತು ವರ್ಷಕ್ಕೊಮ್ಮೆ ಸಿಗುವಂಥ ಸಮಾಚಾರ ಕೈಗೆ ಸಿಕ್ಕಿ, ಅದೇ ಗಳಿಗೆಯಲ್ಲಿ ನಿಷಿದ್ಧವಾಯಿತು. ನೆವಿನ್‌ಗೆ ಸಿಕ್ಕಿದ್ದು ಕ್ಷಮೆ, ಶಿಕ್ಷೆಯೆಲ್ಲ ಊರಿಗೆ. ಮನೆಗೆ ಹೋಗುವ ದಾರಿಯಲ್ಲಿ ಸಲೋಮಿ ಎರಡು ಸಲ ಕಾರು ನಿಲ್ಲಿಸಿ ನೀರು ಕುಡಿದಳಂತೆ. ಮುಂದಿನ ಗುರುವಾರ ಕೌದಿಯ ಸುತ್ತ ಅವಳೇ ಮೊದಲು ಸರಿದು ಅಲ್ಮೀಡಾಗೆ ಜಾಗ ಕೊಟ್ಟಳು, ಆಡಬಾರದ ಮಾತನ್ನು ಹಲ್ಲಿನ ಹಿಂದೆ ಹಿಡಿದುಕೊಂಡು.

"ಇನ್ನಾದರೂ ನನ್ನ ಹೆಸರು ತೆಗೀತೀರಲ್ಲ?" ಎಂದು ನೆವಿನ್ ಅಂಗಳದಲ್ಲಿ ಕೇಳಿದ.

"ಯಾಕೆ ತೆಗೀಬೇಕು?" ಎಂದರು ಬಿಷಪ್ಪರು. "ಏನಾಗಿದೆ ಈಗ?"

ಮರುವಾರ ಚೀಟಿ. ಮೇಜಿನ ಮೇಲೆ ಒಂದೇ ಥರದ ನಾಲ್ಕು ಗೀತೆಪುಸ್ತಕ, ನಾಲ್ಕಕ್ಕೂ ರಬ್ಬರ್ ಪಟ್ಟಿ, ಒಂದರೊಳಗೆ ಚೀಟಿ. ವಯಸ್ಸಿನ ಪ್ರಕಾರ ಮೂವರು ಎದ್ದುಹೋಗಿ ಒಂದೊಂದು ತೆಗೆದುಕೊಂಡರು. ಎಲ್ಲರಿಗಿಂತ ಕಿರಿಯ ನೆವಿನ್, ಅಭ್ಯಾಸಬಲದಿಂದ ಬಾಗಿಯೇ ಹೋಗಿ, ಉಳಿದದ್ದನ್ನು ಎತ್ತಿಕೊಂಡ. ಬಿಷಪ್ಪರು ಮೊದಲನೆಯದನ್ನು ತೆರೆದರು, ಇಲ್ಲ. ಎರಡನೆಯದು, ಇಲ್ಲ. ಮೂರನೆಯದನ್ನು ತೆರೆದು, ಮುಚ್ಚಿ, ಕೆಮ್ಮಿದರು. ನಾಲ್ಕನೆಯದನ್ನು ತೆರೆಯುವ ಅಗತ್ಯವೇ ಇರಲಿಲ್ಲ. ಆದರೂ ತೆರೆದರು; ದೇವರ ವಿಷಯದಲ್ಲಿ ಬರೀ ಲೆಕ್ಕ ನಂಬಿ ಕೂರಬಾರದು. ಚೀಟಿ ಅಲ್ಲೇ ಇತ್ತು.

"ನೆಟ್ಟಗೆ ನಿಲ್ಲು, ಡೀಕನ್," ಎಂದರು ಬಿಷಪ್ಪರು.

"ಜನ ನೋಡ್ತಾರೆ ಬಿಷಪ್ಪರೇ," ಎಂದ ನೆವಿನ್ ಸಣ್ಣ ಧ್ವನಿಯಲ್ಲಿ.

"ನೋಡಲಿ. ಬಾಗಿ ಹೊಗಳಿಸಿಕೊಂಡದ್ದು ಸಾಕು. ಇನ್ನು ಸಾಯೋವರೆಗೆ ನೆಟ್ಟಗೆ ನಿಂತು ನಾಚಿಕೋ."

ನೆವಿನ್ ನೆಟ್ಟಗೆ ನಿಂತ. ಮದುವೆಯ ಕೋಟು ಒಂದು ಸುಕ್ಕಿಲ್ಲದೆ ಮೈಗೆ ಕೂತಿತ್ತು. ಇನ್ನೂರು ಜನ ಕ್ಷಮಿಸಿದ ಕಣ್ಣುಗಳಿಂದ ಅವನ ಹೊಟ್ಟೆಯನ್ನೇ ನೋಡಿದರು. ಹೆಂಗಸರ ಕಡೆ ಅಲ್ಮೀಡಾ ಮಾತ್ರ ಮುಖವನ್ನು ನೋಡಿದಳು. ಅವಳ ತುಟಿಯ ಒಂದು ಕೊನೆ, ಒಂದೇ ಒಂದು ಕೊನೆ, ಮೇಲಕ್ಕೆ ಹೋಗಿ ಇಳಿಯಿತು.

ಡೀಕನ್ ಆದ ಮೇಲೆ ಮೊದಲ ದೂರು ಓಸಿಯಾನದೇ. ಹೊಸ ಕಾರು ತಂದು ಮೂರು ವಾರವಾದರೂ ಬಂಪರಿಗೆ ಬಣ್ಣ ಬಿದ್ದಿಲ್ಲ. ನೆವಿನ್ ಹೋದಾಗ ಓಸಿಯಾ ಅಂಗಳದಲ್ಲಿ ಬಣ್ಣದ ಡಬ್ಬಿ ತೆರೆದಿಟ್ಟು, ಕುಂಚ ಹಿಡಿದು, ಕಾರಿನ ಮುಂದೆ ಸುಮ್ಮನೆ ಕುಕ್ಕರಗಾಲಲ್ಲಿ ಕೂತಿದ್ದ. ಭಾವನನ್ನು ನೋಡಿ ಅವನ ಬಾಯಿ ತೆರೆಯಿತು. ಕಣ್ಣು ಹೊಟ್ಟೆಯ ಮೇಲೆ ಹೋಯಿತು. ಒಳಗಿನಿಂದ ಏನೋ ಹೊರಟು ಗಂಟಲಲ್ಲಿ ಸಿಕ್ಕಿಕೊಂಡಿತು. ಕಟ್ಟಳೆ ನೆನಪಾಗಿ ಬಾಯಿ ಮುಚ್ಚಿತು. ಹೀಗೆ ಮೂರು ಸಲ ಆಯಿತು.

"ಕಾಫಿ ಕುಡೀತೀಯಾ ಭಾವ?" ಎಂದ ಕೊನೆಗೆ.

"ಆಮೇಲೆ."

"ಬಳೀಬೇಕು ಅಂತ ದಿನಾ ಡಬ್ಬಿ ತೆಗೀತೀನಿ. ಮನಸ್ಸೇ ಬರಲ್ಲ. ಎಷ್ಟು ಚೆನ್ನಾಗಿ ಹೊಳೀತದೆ ನೋಡು."

"ಗೊತ್ತು."

"ಯಾರಿಗೂ ತೋರಿಸೋಕಲ್ಲ. ನಾನೇ ನೋಡ್ಕೊಳೋಕೆ."

"ಅದೂ ಗೊತ್ತು," ಎಂದ ಡೀಕನ್.

ಅವನೂ ಪಕ್ಕದಲ್ಲಿ ಕುಕ್ಕರಿಸಿದ. ಈಗ ಕುಕ್ಕರಿಸಿದರೆ ತೊಡೆಯ ಮೇಲೆ ಯಾವ ಬೆಕ್ಕೂ ಬಂದು ಕೂರುತ್ತಿರಲಿಲ್ಲ. ಎದುರಿನ ಉಬ್ಬಿದ ಬಂಪರಿನ ಕನ್ನಡಿಯಲ್ಲಿ ಇಬ್ಬರು ಮನುಷ್ಯರು ಕಂಡರು. ಒಬ್ಬ ಓಸಿಯಾ. ಇನ್ನೊಬ್ಬನಿಗೆ ಸಣ್ಣ ತಲೆ, ಸಣ್ಣ ಕಾಲು, ನಡುವೆ ಈ ತುದಿಯಿಂದ ಆ ತುದಿಯವರೆಗೆ ಆರು ಮೂಟೆಯ ದುಂಡನೆ ಹೊಟ್ಟೆ. ನೆವಿನ್ ಬಲಕ್ಕೆ ಸರಿದ, ಹೊಟ್ಟೆಯೂ ಸರಿಯಿತು. ಉಸಿರು ಒಳಗೆಳೆದುಕೊಂಡ, ಹೊಟ್ಟೆ ಎಳೆದುಕೊಳ್ಳಲಿಲ್ಲ.

"ಕುಂಚ ಕೊಡು ಇಲ್ಲಿ," ಎಂದ.

ಕರಿ ಬಣ್ಣದಲ್ಲಿ ಅದ್ದಿ, ಮೊದಲ ಗೆರೆಯನ್ನು ಸರಿಯಾಗಿ ಆ ಹೊಟ್ಟೆಯ ಮೇಲಿಂದಲೇ ಎಳೆದ.